ಜಠರದ ಕ್ಯಾನ್ಸರ್‌ಗೆ ರೋಬೋಟ್ ಆಪರೇಷನ್: ವೈದ್ಯರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ: ಡಾಕ್ಟರಿಗೆ ನಮಸ್ಕಾರ. ನಮ್ಮ ತಂದೆಯವರಿಗೆ 64 ವರ್ಷ. ಎಂಡೋಸ್ಕೋಪಿಯಲ್ಲಿ ಜಠರದ ಕೆಳಭಾಗದಲ್ಲಿ ಹುಣ್ಣು ಕಂಡಿತು, ಬಯಾಪ್ಸಿಯಲ್ಲಿ ಕ್ಯಾನ್ಸರ್ ಎಂದು ಬಂದಿದೆ. ಸಿ.ಟಿ. ಸ್ಕ್ಯಾನ್ ಪ್ರಕಾರ ಬೇರೆ ಅಂಗಗಳಿಗೆ ಹರಡಿಲ್ಲ. ಒಬ್ಬ ವೈದ್ಯರು ಹೊಟ್ಟೆ ತೆರೆದು ಆಪರೇಷನ್ ಮಾಡೋಣ ಎನ್ನುತ್ತಾರೆ, ಇನ್ನೊಬ್ಬರು ರೋಬೋಟ್ ಸೂಚಿಸುತ್ತಾರೆ. ಯಂತ್ರ ತಾನಾಗಿಯೇ ಕತ್ತರಿಸುತ್ತದೆ ಎಂದು ತಂದೆಯವರಿಗೆ ಭಯ. ಯಾವುದನ್ನು ಒಪ್ಪಿಕೊಳ್ಳಲಿ?

ಉತ್ತರ (ಜೀರ್ಣಾಂಗ ಕ್ಯಾನ್ಸರ್ ಶಸ್ತ್ರವೈದ್ಯ): ತಂದೆಯವರಿಗೆ ಮೊದಲು ಧೈರ್ಯ ಹೇಳಿ. ರೋಬೋಟ್ ತನ್ನಷ್ಟಕ್ಕೆ ಏನನ್ನೂ ಮಾಡುವುದಿಲ್ಲ. ಸರ್ಜನ್ ಕನ್ಸೋಲ್ (ಯಂತ್ರವನ್ನು ನಡೆಸುವ ನಿಯಂತ್ರಣ ಪೀಠ) ಮುಂದೆ ಕುಳಿತು ಬೆರಳು ಆಡಿಸಿದರೆ ಮಾತ್ರ ಒಳಗಿನ ಉಪಕರಣ ಆಡುತ್ತದೆ. ಬಹುಕಾಲದಿಂದ ಬಳಕೆಯಲ್ಲಿರುವ ಡಾ ವಿಂಚಿ ಯಂತ್ರದಲ್ಲಿ ಅವರು ತಲೆಯನ್ನು ಹಿಂದಕ್ಕೆ ತೆಗೆದರೆ ತೋಳುಗಳು ನಿಂತಲ್ಲೇ ನಿಲ್ಲುತ್ತವೆ. ರೋಗಿಯ ಪಕ್ಕದಲ್ಲಿ ಇನ್ನೊಬ್ಬ ಸರ್ಜನ್ ಇದ್ದೇ ಇರುತ್ತಾರೆ.

ಹೊರಗಿನ ಗಾಯ ಹೇಗೇ ಇರಲಿ, ಒಳಗೆ ಆಗಬೇಕಾದ ಕೆಲಸ ಒಂದೇ. ಗೆಡ್ಡೆಯ ಸುತ್ತ ಸಾಕಷ್ಟು ಆರೋಗ್ಯವಂತ ಅಂಚು ಸೇರಿಸಿ ಜಠರದ ಭಾಗವನ್ನು ತೆಗೆಯಬೇಕು, ರಕ್ತನಾಳಗಳಿಗೆ ಅಂಟಿಕೊಂಡ ದುಗ್ಧಗ್ರಂಥಿಗಳನ್ನೂ (ಲಿಂಫ್ ನೋಡ್ ಎಂಬ ಪುಟ್ಟ ಗಂಟುಗಳು) ಬಿಡಿಸಬೇಕು. ನಾವು ಡಿ2 ಎನ್ನುವುದು ಇದಕ್ಕೇ. ಇದರಲ್ಲಿ ಅತ್ಯಂತ ನಾಜೂಕಿನ ಜಾಗ ಮೇದೋಜೀರಕ ಗ್ರಂಥಿಯ ಮೇಲಂಚು. ಯಕೃತ್ತಿಗೂ ಗುಲ್ಮಕ್ಕೂ ಹೋಗುವ ಅಪಧಮನಿಗಳು ಅಲ್ಲೇ ಹಾದುಹೋಗುತ್ತವೆ, ದುಗ್ಧಗ್ರಂಥಿಗಳು ಅವುಗಳ ಮೈಗೇ ಅಂಟಿರುತ್ತವೆ. ಲ್ಯಾಪರೊಸ್ಕೋಪಿಯ (ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ಹಾಕಿ, ರೋಬೋಟ್ ಇಲ್ಲದೆ ಕೈಯಿಂದಲೇ ಮಾಡುವ ಆಪರೇಷನ್) ನೇರ ಉಪಕರಣದಿಂದ ಅಲ್ಲಿಗೆ ತಲುಪಲು ಎಷ್ಟೋ ಸಲ ಮೇದೋಜೀರಕವನ್ನು ಕೆಳಕ್ಕೆ ಒತ್ತಿ ಹಿಡಿಯಬೇಕಾಗುತ್ತದೆ. ಒತ್ತಡ ಹೆಚ್ಚಾದರೆ ಮೇದೋಜೀರಕಕ್ಕೆ ಪೆಟ್ಟಾಗಿ ಅದರ ರಸ ಸೋರುವ ಅಪಾಯವಿದೆ. ರೋಬೋಟ್ ಉಪಕರಣದ ತುದಿ ಮಣಿಕಟ್ಟಿನಂತೆ ಬಾಗುತ್ತದೆ, ಕೈನಡುಕ ಒಳಗೆ ತಲುಪುವುದಿಲ್ಲ, ದೃಶ್ಯ ಆಳಸಹಿತ ದೊಡ್ಡದಾಗಿ ಕಾಣುತ್ತದೆ. ನನ್ನ ಮಟ್ಟಿಗೆ ರೋಬೋಟ್‌ನ ನಿಜವಾದ ಬಲ ಈ ಜಾಗದಲ್ಲಿದೆ, ಚರ್ಮದ ಮೇಲಿನ ಚಿಕ್ಕ ಗಾಯದಲ್ಲಲ್ಲ.

ಆದರೂ ರೋಬೋಟ್‌ನಿಂದ ಕ್ಯಾನ್ಸರ್ ಹೆಚ್ಚು ಚೆನ್ನಾಗಿ ಗುಣವಾಗುತ್ತದೆ ಎಂದು ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿ. ನಿಮ್ಮ ತಂದೆಯವರಂತೆ ಜಠರದ ಕೆಳಭಾಗವನ್ನು ತೆಗೆಯಬೇಕಾದವರಲ್ಲಿ ಲ್ಯಾಪರೊಸ್ಕೋಪಿಯ ಫಲಿತಾಂಶ ತೆರೆದ ಆಪರೇಷನ್‌ಗೆ ಸಮ ಎಂದು ಕೊರಿಯಾ ಮತ್ತು ಚೀನಾದ ದೊಡ್ಡ ಅಧ್ಯಯನಗಳು ತೋರಿಸಿವೆ. ಲ್ಯಾಪರೊಸ್ಕೋಪಿಗೆ ಹೋಲಿಸಿದರೆ ರೋಬೋಟ್‌ನಲ್ಲಿ ರಕ್ತಸ್ರಾವ ಸಾಮಾನ್ಯವಾಗಿ ಸ್ವಲ್ಪ ಕಡಿಮೆ, ಸಮಯ ಮತ್ತು ಖರ್ಚು ಹೆಚ್ಚು. ಆದ್ದರಿಂದ ಇಬ್ಬರು ವೈದ್ಯರನ್ನೂ ಯಂತ್ರದ ಬಗ್ಗೆ ಕೇಳುವುದಕ್ಕಿಂತ ಅವರ ಕೈಯ ಬಗ್ಗೆ ಕೇಳಿ: ವರ್ಷಕ್ಕೆ ಎಷ್ಟು ಜಠರದ ಕ್ಯಾನ್ಸರ್ ಆಪರೇಷನ್ ಮಾಡುತ್ತೀರಿ? ಉಳಿದ ಜಠರವನ್ನು ಕರುಳಿಗೆ ಸೇರಿಸಿದ ಜೋಡಣೆ ಸೋರಿದ್ದು ಎಷ್ಟು ಮಂದಿಯಲ್ಲಿ? ಪೆಥಾಲಜಿ ವರದಿಯಲ್ಲಿ ಸಾಮಾನ್ಯವಾಗಿ ಎಷ್ಟು ದುಗ್ಧಗ್ರಂಥಿಗಳು ಸಿಗುತ್ತವೆ? ರೋಗದ ಹಂತವನ್ನು ಸರಿಯಾಗಿ ತಿಳಿಯಲು ಕನಿಷ್ಠ 16 ಗ್ರಂಥಿಗಳ ಪರೀಕ್ಷೆಯಾಗಬೇಕು. ತೆರೆದ ಆಪರೇಷನ್‌ನಲ್ಲಿ ಪಳಗಿದವರು ಎದುರಿಗಿದ್ದು, ರೋಬೋಟ್ ಹೊಸದಾಗಿ ಕಲಿಯುತ್ತಿರುವವರು ಇನ್ನೊಂದು ಕಡೆ ಇದ್ದರೆ, ನಾನು ಮೊದಲಿನವರ ಬಳಿಗೇ ಕಳಿಸುತ್ತೇನೆ.

ಅದೇ ಪ್ರಶ್ನಕರ್ತರು: ಧನ್ಯವಾದ ಡಾಕ್ಟರೇ. ಈಗ ಇಬ್ಬರೂ ಮೊದಲು ಕೀಮೋ ಆಗಲಿ ಎನ್ನುತ್ತಿದ್ದಾರೆ. ಅಷ್ಟರಲ್ಲಿ ರೋಗ ಹರಡಿದರೆ?

ಉತ್ತರ: ಗೆಡ್ಡೆ ಜಠರದ ಗೋಡೆಯೊಳಗೆ ಆಳಕ್ಕೆ ಇಳಿದಿದ್ದರೆ ಅದು ಸರಿಯಾದ ಸಲಹೆ. ಫ್ಲಾಟ್ ಎಂಬ ಕೀಮೋ ಔಷಧಗಳ ಕ್ರಮದಲ್ಲಿ ಎರಡು ವಾರಕ್ಕೊಮ್ಮೆ, ಆಪರೇಷನ್‌ಗೆ ಮುಂಚೆ 4 ಸುತ್ತು, ನಂತರ 4 ಸುತ್ತು ಕೊಡುತ್ತಾರೆ. ಕಣ್ಣಿಗೆ ಕಾಣದ ಕ್ಯಾನ್ಸರ್ ಕಣಗಳಿಗೆ ಚಿಕಿತ್ಸೆ ಆಗಲೇ ಶುರುವಾಗುತ್ತದೆ, ಹಾಗಾಗಿ ಅದನ್ನು ಕಾಯುವ ಸಮಯ ಎಂದುಕೊಳ್ಳಬೇಡಿ. ಕೀಮೋಗೆ ಮೊದಲು ಹೊಟ್ಟೆಯೊಳಗೆ ಕ್ಯಾಮೆರಾ ಹಾಕಿ ನೋಡುವ ಪರೀಕ್ಷೆ ಬೇಕೇ ಎಂದು ಮಾತ್ರ ಕೇಳಿ. ಹೊಟ್ಟೆಯ ಪೊರೆಯ ಮೇಲಿನ ಸಣ್ಣ ಗಂಟುಗಳು ಸಿ.ಟಿ.ಯಲ್ಲಿ ತಪ್ಪಿಹೋಗಬಹುದು.

ಇನ್ನೊಬ್ಬ ಪ್ರಶ್ನಕರ್ತೆ: ನಮ್ಮ ತಾಯಿಗೆ ರೋಬೋಟ್‌ನಿಂದ ಪೂರ್ತಿ ಜಠರ ತೆಗೆದಿದ್ದಾರೆ. ಊಟವಾದ ಅರ್ಧ ಗಂಟೆಯೊಳಗೆ ಬೆವರು, ಎದೆಬಡಿತ, ಸುಸ್ತು. ಆಪರೇಷನ್ ಕೆಟ್ಟಿದೆಯೇ?

ಉತ್ತರ: ಇಲ್ಲ ಅಮ್ಮ, ಇದು ಡಂಪಿಂಗ್‌ನ ಲಕ್ಷಣದಂತಿದೆ. ಆಹಾರವನ್ನು ಹಿಡಿದಿಡಲು ಜಠರವಿಲ್ಲ, ಎಲ್ಲವೂ ಒಮ್ಮೆಲೇ ಕರುಳಿಗೆ ಇಳಿಯುತ್ತದೆ. ದಿನಕ್ಕೆ ಐದಾರು ಸಲ ಸ್ವಲ್ಪಸ್ವಲ್ಪವೇ, ನಿಧಾನವಾಗಿ ಅಗಿದು ತಿನ್ನಲಿ. ಸಿಹಿ ಪಾನೀಯ ಬೇಡ. ನೀರು ಊಟದ ಜೊತೆಗೆ ಬೇಡ, ಅರ್ಧ ಗಂಟೆ ಬಿಟ್ಟು ಕುಡಿಯಲಿ. ಬಹುತೇಕರಿಗೆ ಕ್ರಮೇಣ ಹತೋಟಿಗೆ ಬರುತ್ತದೆ. ಒಮ್ಮೆ ಅವರ ಸರ್ಜನ್‌ಗೂ ತಿಳಿಸಿ. ಬಿ12 ಚುಚ್ಚುಮದ್ದು ನಡೆಯುತ್ತಿದೆಯೇ? ಆ ವಿಟಮಿನ್ ಹೀರಿಕೊಳ್ಳಲು ಬೇಕಾದ ಅಂಶ ತಯಾರಾಗುವುದು ಜಠರದಲ್ಲೇ, ಆದ್ದರಿಂದ ಅದನ್ನು ಜೀವನಪರ್ಯಂತ ಬಿಡುವಂತಿಲ್ಲ. ದೇಹದ ದಾಸ್ತಾನು ಕೆಲವು ವರ್ಷ ಬಾಳುವುದರಿಂದ ಕೊರತೆ ತಡವಾಗಿ, ಪಾದಗಳ ಜೋಮಿನ ರೂಪದಲ್ಲೂ ಕಾಣಿಸಿಕೊಳ್ಳಬಹುದು. ಕಬ್ಬಿಣಾಂಶವನ್ನೂ ರಕ್ತಪರೀಕ್ಷೆಯಲ್ಲಿ ನೋಡಿಸಿ.