ಸಹಾಯ ಬೇಕು: ಬಿಲ್ಲಿಂಗ್ ಸಾಫ್ಟ್‌ವೇರ್‌ಗೆ ಸ್ವಿಂಗ್ ಒಳ್ಳೆಯದಾ, ಜಾವಾಎಫ್‌ಎಕ್ಸಾ?

ಎಲ್ಲರಿಗೂ ನಮಸ್ಕಾರ. ಒಂದು ಅಡಿಕೆ ಮಂಡಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆಯುತ್ತಿದ್ದೇನೆ. ಅಲ್ಲಿ ನೆಟ್ ಆಗಾಗ ಹೋಗುತ್ತದೆ, ಹಾಗಾಗಿ ಡೆಸ್ಕ್‌ಟಾಪೇ ಆಗಬೇಕು. ಲೆಕ್ಕದ ಭಾಗ ಜಾವಾ 17ರಲ್ಲಿ ಮುಗಿದಿದೆ. ಸಿಕ್ಕಿಕೊಂಡಿರುವುದು ಸ್ಕ್ರೀನ್ ವಿಷಯದಲ್ಲಿ: ಜಾವಾದಲ್ಲಿ ಸ್ಕ್ರೀನ್ ಮಾಡುವ ಸ್ವಿಂಗ್, ಜಾವಾಎಫ್‌ಎಕ್ಸ್ ಎಂಬ ಎರಡು ಟೂಲ್‌ಕಿಟ್‌ಗಳಲ್ಲಿ ಯಾವುದು ಅಂತ.

ಮೊದಲು ಸ್ವಿಂಗ್‌ನಲ್ಲಿ ಬಿಲ್ ಫಾರಂ ಮಾಡಿದೆ. ಜೆಡಿಕೆ (ಜಾವಾ ಡೆವಲಪ್‌ಮೆಂಟ್ ಕಿಟ್) ಜೊತೆಗೇ ಬರುತ್ತದೆ, ಫ್ಲಾಟ್‌ಲಾಫ್ ಎಂಬ ಥೀಮ್ ಹಾಕಿದರೆ ನೋಡೋಕೂ ಚೆನ್ನಾಗಿದೆ. ಆದರೆ ಸ್ವಿಂಗ್‌ನ ಟೇಬಲ್ ಆದ ಜೆಟೇಬಲ್‌ನಲ್ಲಿ ತೂಕ ಹೊಡೆದು ಎಂಟರ್ ಒತ್ತಿದರೆ ಕರ್ಸರ್ ಕೆಳಗಿನ ಸಾಲಿಗೆ ಇಳಿಯುತ್ತದೆ. ಪಕ್ಕದ ದರದ ಕಾಲಂಗೆ ಹೋಗಲು ಕೀ ಬೈಂಡಿಂಗ್ (ಯಾವ ಕೀ ಒತ್ತಿದರೆ ಏನಾಗಬೇಕು ಎಂಬ ಕೋಡ್) ನಾನೇ ಬರೆಯಬೇಕಾಯಿತು. ಇಂಥ ಸಣ್ಣಪುಟ್ಟ ಕೆಲಸವೇ ಜಾಸ್ತಿ.

ಅದೇ ಫಾರಂ ಜಾವಾಎಫ್‌ಎಕ್ಸ್‌ನಲ್ಲಿ, ಸೀನ್ ಬಿಲ್ಡರ್ (ಮೌಸ್‌ನಲ್ಲಿ ಎಳೆದು ಬಿಟ್ಟು ಫಾರಂ ಮಾಡುವ ಟೂಲ್) ಇಟ್ಟುಕೊಂಡು, ಬೇಗ ಆಯಿತು. ಪ್ರಾಪರ್ಟಿ ಬೈಂಡಿಂಗ್ ನಿಜಕ್ಕೂ ಖುಷಿ ಕೊಟ್ಟಿತು: ತೂಕ ಬದಲಿಸಿದರೆ ಮೊತ್ತ ತಾನಾಗಿಯೇ ಬದಲಾಗುತ್ತದೆ. ಆದರೆ ಜಾವಾ 11ರಿಂದ ಜಾವಾಎಫ್‌ಎಕ್ಸ್ ಒರಾಕಲ್ ಜೆಡಿಕೆಯಲ್ಲಿ ಇಲ್ಲ. ವಿಂಡೋಸ್‌ಗೆ, ಲಿನಕ್ಸ್‌ಗೆ ಬೇರೆ ಬೇರೆ ಲೈಬ್ರರಿ ಸೇರಿಸಿ ಜೆಪ್ಯಾಕೇಜ್ (ಇನ್‌ಸ್ಟಾಲರ್ ತಯಾರಿಸುವ ಟೂಲ್) ಮಾಡಬೇಕು. ಎಸ್‌ಡಬ್ಲ್ಯುಟಿ ಎಂಬ ಇನ್ನೊಂದು ಟೂಲ್‌ಕಿಟ್‌ಗೂ ಹಾಗೇ ಪ್ರತಿ ಓಎಸ್‌ಗೆ ಬೇರೆ ಜಾರ್ (ಜಾವಾ ಲೈಬ್ರರಿ ಫೈಲ್) ಬೇಕು, ಅದಕ್ಕೇ ಅದನ್ನು ಬಿಟ್ಟೆ.

ಈಗ ನನ್ನ ಪ್ರಶ್ನೆ: ಹತ್ತು ವರ್ಷ ಓಡಬೇಕಾದ, ಟೇಬಲ್ ಎಂಟ್ರಿಯೇ ಮುಖ್ಯವಾದ, ಒಬ್ಬನೇ ನೋಡಿಕೊಳ್ಳುವ ಸಾಫ್ಟ್‌ವೇರ್‌ಗೆ ಈ ಎರಡರಲ್ಲಿ ಯಾವುದನ್ನು ಆರಿಸುತ್ತೀರಿ? ಜಾವಾಎಫ್‌ಎಕ್ಸ್‌ನಲ್ಲಿ ಮಾಡಿ ಗ್ರಾಹಕರಿಗೆ ಕೊಟ್ಟವರಿದ್ದರೆ, ಜೆಡಿಕೆ ಅಪ್‌ಗ್ರೇಡ್ ಮಾಡುವಾಗ ತೊಂದರೆ ಆಯಿತಾ ಅಂತ ದಯವಿಟ್ಟು ತಿಳಿಸಿ.