ಮಗನಿಗೆ ಮೆಟಲ್ ಗಿಟಾರು, ಅಣ್ಣನ ಮಗನಿಗೆ ಟೆಕ್ನೋ ಡಿಜೆ: ಈ ವೃತ್ತಿಗಳು ನಡೆಯುವುದು ಹೇಗೆ?

ಪ್ರಶ್ನೆ: ಚೌಕಿಪೇಟೆಯ ತಂದೆ, ದಾವಣಗೆರೆ

ಚೌಕಿಪೇಟೆಯಲ್ಲಿ ನಮ್ಮದು ಬಟ್ಟೆ ಅಂಗಡಿ. ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿರುವ ನನ್ನ ಮಗ ಹೆವಿ ಮೆಟಲ್ ಗಿಟಾರ್ ವಾದಕನಾಗುತ್ತೇನೆಂದೂ, ಅವನ ಓರಗೆಯವನೇ ಆದ ನನ್ನ ಅಣ್ಣನ ಮಗ ಟೆಕ್ನೋ ಡಿಜೆ ಆಗುತ್ತೇನೆಂದೂ ಹಟ ಹಿಡಿದಿದ್ದಾರೆ. ನಮ್ಮೂರಿನಲ್ಲಿ ಡಿಜೆ ಎಂದರೆ ಗಣಪತಿ ಮೆರವಣಿಗೆಯಲ್ಲಿ ಲಾರಿಯ ಮೇಲೆ ಪೇರಿಸಿದ ಸ್ಪೀಕರುಗಳೆಂದೇ ಅರ್ಥವಾದ್ದರಿಂದ, ಮಗನ ಮಾತು ಕೇಳಿದ ಅಣ್ಣ ಮೊದಲು ವಿಚಾರಿಸಿದ್ದು ಲಾರಿಯ ಬಾಡಿಗೆಯನ್ನು. ಹುಡುಗರನ್ನು ಗದರಿಸಿ ಬಾಯಿ ಮುಚ್ಚಿಸುವ ಮನಸ್ಸು ನನಗಿಲ್ಲ. ಆದರೆ ಇವುಗಳನ್ನೇ ನಂಬಿದವರು ಇಪ್ಪತ್ತರಿಂದ ಅರವತ್ತರವರೆಗೆ ಬದುಕಿದ್ದು ಹೇಗೆ, ದುಡ್ಡು ಯಾವ ದಾರಿಯಿಂದ ಬರುತ್ತದೆ, ಎರಡರಲ್ಲಿ ಯಾವುದು ಬೇಗ ಕೈಕೊಡುತ್ತದೆ ಎಂಬುದನ್ನು ತಿಳಿದವರು ದಯವಿಟ್ಟು ಬಿಡಿಸಿ ಹೇಳಬೇಕು.

ಉತ್ತರ: ಆರು ತಂತಿ, ಬೆಂಗಳೂರು

ಸರ್, ನಾನು ಪಿ.ಜೆ. ಬಡಾವಣೆಯಲ್ಲಿ ಬೆಳೆದವನು. ಬೆಂಗಳೂರಿನ ಮೆಟಲ್ ತಂಡವೊಂದರಲ್ಲಿ ಒಂಬತ್ತು ವರ್ಷ ನುಡಿಸಿ, ಈಗ ಗಿಟಾರ್ ಪಾಠ ಹೇಳಿಕೊಟ್ಟು ಜೀವನ ಸಾಗಿಸುತ್ತಿದ್ದೇನೆ. ಕೈಕೊಡುವ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಹೆವಿ ಮೆಟಲ್ ಎಂಬ ಈ ಭಾರೀ ಸದ್ದಿನ ರಾಕ್ ಸಂಗೀತದ ಮೊದಲ ಗಿಟಾರ್ ನಾದ ರೂಪುಗೊಂಡದ್ದೇ ಗಾಯಗೊಂಡ ಕೈಯಿಂದ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಟೋನಿ ಅಯೋಮಿ ಹದಿನೇಳನೆಯ ವಯಸ್ಸಿನಲ್ಲಿ, ತಗಡಿನ ಕಾರ್ಖಾನೆಯ ಕೆಲಸ ಬಿಡಬೇಕಿದ್ದ ಕೊನೆಯ ದಿನವೇ, ಯಂತ್ರಕ್ಕೆ ಸಿಕ್ಕು ಬಲಗೈಯ ಎರಡು ಬೆರಳುಗಳ ತುದಿ ಕಳೆದುಕೊಂಡರು. ಎಡಚರಾದ ಅವರಿಗೆ ತಂತಿ ಒತ್ತುವ ಕೈಯೇ ಅದು. ಪ್ಲಾಸ್ಟಿಕ್ ಸೀಸೆಯನ್ನು ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿಕೊಂಡು, ಅದರ ಮೇಲೆ ಚರ್ಮ ಅಂಟಿಸಿ, ತೆಳುವಾದ ತಂತಿಗಳನ್ನು ಹಾಕಿ, 1971ರ ಹೊತ್ತಿಗೆ ಶ್ರುತಿಯನ್ನೂ ಮೂರು ಅರೆಸ್ವರದಷ್ಟು ಇಳಿಸಿಕೊಂಡು ನುಡಿಸಿದ್ದರಿಂದ ಬ್ಲ್ಯಾಕ್ ಸಬ್ಬತ್ ತಂಡಕ್ಕೆ ಆ ಭಾರವಾದ ದನಿ ದಕ್ಕಿತು. ಹತ್ತಿ ಗಿರಣಿಗಳ ಊರಿನವರಾದ ನಮಗೆ ಈ ಕಥೆ ದೂರದ್ದೆನಿಸಬಾರದು. ತಂಡದ ಮೊದಲ ಆಲ್ಬಂ ಬಂದದ್ದು 1970ರ ಫೆಬ್ರುವರಿಯಲ್ಲಿ. 2025ರ ಜುಲೈನಲ್ಲಿ ಅದೇ ಬರ್ಮಿಂಗ್‌ಹ್ಯಾಮಿನಲ್ಲಿ ತಂಡ ಕೊನೆಯ ಬಾರಿ ವೇದಿಕೆ ಏರಿದಾಗ ಅಯೋಮಿ ಅವರಿಗೆ 77 ವರ್ಷ.

ಇದು ಶಿಖರದ ಮಾತಾಯಿತು, ಇನ್ನು ನೆಲದ ಲೆಕ್ಕ ಕೇಳಿ. ಮೆಟಲ್ ಗಿಟಾರ್ ವಾದಕನ ವೃತ್ತಿ ಒಬ್ಬನದಲ್ಲ, ತಂಡದ್ದು. ಬಂದ ಸಂಭಾವನೆಯಲ್ಲಿ ಮೊದಲು ವ್ಯಾನ್ ಬಾಡಿಗೆ, ಅಭ್ಯಾಸದ ಕೋಣೆಯ ಬಾಡಿಗೆ ಕಳೆದು, ಉಳಿದದ್ದು ಐದು ಪಾಲಾಗುತ್ತದೆ. ಡ್ರಮ್ಮರ್ ಮದುವೆಯಾಗಿ ಪುಣೆಗೆ ಹೋದರೆ ಅಲ್ಲಿಗೆ ಆ ವರ್ಷ ಮುಗಿಯಿತು. ನಮ್ಮ ತಂಡ ಒಡೆದದ್ದೂ ಹಾಗೆಯೇ, ಜಗಳವಾಡಿ ಅಲ್ಲ. ಹಾಡುಗಳಿಂದ ನಮಗೆ ಬಂದದ್ದಕ್ಕಿಂತ ಕಪ್ಪು ಟಿ-ಶರ್ಟುಗಳನ್ನು ಮಾರಿ ಬಂದದ್ದೇ ಹೆಚ್ಚು, ಬಟ್ಟೆ ವ್ಯಾಪಾರಸ್ಥರಾದ ತಾವು ಇದನ್ನು ಗಮನಿಸಬೇಕು. ಬೆಂಗಳೂರಿನ ಕ್ರಿಪ್ಟೋಸ್ ತಂಡ ಶುರುವಾದದ್ದು 1998ರಲ್ಲಿ, ಜರ್ಮನಿಯ ವಾಕೆನ್ ಎಂಬ ಮೆಟಲ್ ಸಂಗೀತೋತ್ಸವದಲ್ಲಿ ನುಡಿಸಿದ್ದು 2013ರಲ್ಲಿ. ನಡುವಿನ ಹದಿನೈದು ವರ್ಷ ಅನ್ನಕ್ಕೆ ಏನು ಮಾಡುತ್ತೀಯೆಂದು ಮಗನನ್ನು ಕೇಳಿ. ಉತ್ತರವಿದ್ದರೆ ಬಿಡಿ, ನುಡಿಸಲಿ.

ಇನ್ನೊಂದು ಮಾತು. ಅಂಗೈಯ ಅಂಚನ್ನು ಗಿಟಾರಿನ ಬ್ರಿಡ್ಜಿನ (ತಂತಿಗಳು ಕೂರುವ ಪಟ್ಟಿಯ) ಬಳಿ ತಂತಿಗಳ ಮೇಲೆ ಹಗುರಾಗಿ ಇಟ್ಟು, ತಂತಿ ಮೀಟುವ ಪಿಕ್ಕನ್ನು ಕೆಳಮುಖವಾಗಿ ಮಾತ್ರ ಬೀಸುತ್ತ ವೇಗ ಹಿಡಿಯುವುದು ನಮ್ಮ ನಿತ್ಯದ ಸಾಧನೆ. ಮುಂಗೈ ಉರಿಯತೊಡಗಿದರೂ ನಿಲ್ಲಿಸದೆ ನಾನು ಮಾಡಿದ ಸಾಹಸಕ್ಕೆ ಮೂರು ತಿಂಗಳು ಲೋಟ ಎತ್ತಲಾಗದೆ ಕುಳಿತೆ. ಹುಡುಗ ನಿಧಾನವಾಗಿ ವೇಗ ಏರಿಸಲಿ. ಜೂಡಸ್ ಪ್ರೀಸ್ಟ್ ಎಂಬ ಮೆಟಲ್ ತಂಡದ ಗಿಟಾರ್ ವಾದಕ ಗ್ಲೆನ್ ಟಿಪ್ಟನ್ ತಮಗೆ ಕೈ ನಡುಗಿಸುವ ಪಾರ್ಕಿನ್ಸನ್ ಕಾಯಿಲೆ ಇರುವುದನ್ನು 2018ರಲ್ಲಿ ಬಹಿರಂಗಪಡಿಸಿದಾಗ ಅದು ಪತ್ತೆಯಾಗಿ ಹತ್ತು ವರ್ಷಗಳಾಗಿದ್ದವು. ಅಷ್ಟೂ ಕಾಲ ಅವರು ನುಡಿಸುತ್ತಲೇ ಇದ್ದರು.

ಉತ್ತರ: ದುರ್ಗದ ಸೌಂಡಿನವನು, ಚಿತ್ರದುರ್ಗ

ಅಣ್ಣಾವ್ರೇ, ಲಾರಿಯ ಮೇಲೆ ಸ್ಪೀಕರ್ ಕಟ್ಟುವವನು ನಾನೇ. ತಮ್ಮ ಅಣ್ಣನವರ ಅಂಜಿಕೆ ನನಗೆ ಅರ್ಥವಾಗುತ್ತದೆ, ಆದರೆ ಟೆಕ್ನೋ ಡಿಜೆಯ ಕೆಲಸವೇ ಬೇರೆ. ಟೆಕ್ನೋ ಎಂದರೆ ಯಂತ್ರಗಳಿಂದ ಹುಟ್ಟಿಸುವ, ಕುಣಿಯುವುದಕ್ಕೆಂದಿರುವ ಸಂಗೀತ. ಇದೂ ಕಾರ್ಖಾನೆಯ ಊರಿನದೇ. ಅಮೆರಿಕದಲ್ಲಿ ಕಾರುಗಳ ಊರಾದ ಡೆಟ್ರಾಯಿಟ್ ಸೊರಗುತ್ತಿದ್ದ 1980ರ ದಶಕದಲ್ಲಿ, ಅದರ ಹತ್ತಿರದ ಬೆಲ್‌ವಿಲ್‌ನಲ್ಲಿ ಒಟ್ಟಿಗೆ ಶಾಲೆ ಓದಿದ ಹ್ವಾನ್ ಆಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್ ಎಂಬ ಮೂವರು ಕಪ್ಪು ಹುಡುಗರು ಇದನ್ನು ಕಟ್ಟಿದರು. ಅದೇ ಊರಿನ ಜೆಫ್ ಮಿಲ್ಸ್ ಮೊದಲು ರೇಡಿಯೋದಲ್ಲಿ ಹೆಸರು ಮಾಡಿ, 1992ರಲ್ಲಿ ಸ್ವಂತ ರೆಕಾರ್ಡ್ ಕಂಪನಿ ಆರಂಭಿಸಿ, ರೆಕಾರ್ಡ್ ತಿರುಗಿಸುವ ಮೂರು ಟರ್ನ್‌ಟೇಬಲ್ ಹಾಗೂ ರೋಲ್ಯಾಂಡ್ 909 ಎಂಬ ತಾಳಯಂತ್ರವನ್ನು ಒಮ್ಮೆಗೇ ನಿಭಾಯಿಸುವ ಕೈಚಳಕಕ್ಕೆ ಪ್ರಸಿದ್ಧರಾದರು. ಅರವತ್ತು ದಾಟಿದ ಮೇಲೂ ಅವರು ನುಡಿಸುತ್ತಿದ್ದಾರೆ.

ಕೆಲಸ ಹೀಗಿರುತ್ತದೆ: ಒಂದು ಹಾಡು ಸಭೆಗೆ ಕೇಳಿಸುತ್ತಿರುವಾಗಲೇ ಇನ್ನೊಂದನ್ನು ಹೆಡ್‌ಫೋನಿನ ಒಂದೇ ಕಿವಿಯಲ್ಲಿ ಕೇಳುತ್ತ, ಅದರ ವೇಗವನ್ನು ಪಿಚ್ ಕಡ್ಡಿಯಿಂದ ಕೂದಲೆಳೆಯಷ್ಟು ಏರಿಸಿ ಇಳಿಸಿ, ಎರಡರ ಪೆಟ್ಟುಗಳೂ ಒಂದಾಗುವ ಹಾಗೆ ಮಾಡಬೇಕು. ಸ್ವಲ್ಪ ಜಾರಿದರೂ ಕುದುರೆ ಓಡಿದಂತೆ ಟಕಟಕ ಸದ್ದು ಬರುತ್ತದೆ, ಕುಣಿಯುವವರ ಕಾಲು ತಪ್ಪುತ್ತದೆ. ಈಗಿನ ಯಂತ್ರಗಳಲ್ಲಿ ಗುಂಡಿ ಒತ್ತಿದರೆ ಇದು ತಾನೇ ಆಗುತ್ತದೆ. ಆದರೂ ಕಿವಿಯಿಂದ ಕಲಿತವನೇ ಮುಂದಿನ ಹಾಡನ್ನು ಯಾವಾಗ ತರಬೇಕೆಂದು ಬಲ್ಲನೆಂಬುದು ನನ್ನ ಪಕ್ಷ.

ದುಡ್ಡಿನ ಲೆಕ್ಕದಲ್ಲಿ ಡಿಜೆಗೆ ಒಂದು ಅನುಕೂಲವಿದೆ. ಅವನು ಪೆನ್‌ಡ್ರೈವ್, ಹೆಡ್‌ಫೋನ್ ಇಟ್ಟುಕೊಂಡು ಒಬ್ಬನೇ ಬಸ್ಸು ಹತ್ತುತ್ತಾನೆ. ಸಂಭಾವನೆಯನ್ನು ಐದು ಪಾಲು ಮಾಡಬೇಕಾಗಿಲ್ಲ. ಆದರೆ ಒಬ್ಬನೇ ಆಗಿರುವುದರಿಂದ ಅವನ ಜಾಗಕ್ಕೆ ಇನ್ನೊಬ್ಬನನ್ನು ತರುವುದೂ ಅಷ್ಟೇ ಸುಲಭ. ಹೊರಗಿನಿಂದ ಕರೆ ಬರಬೇಕಾದರೆ ತಾನೇ ರಚಿಸಿದ ಸಂಗೀತ ಹೊರಬಂದು ಇತರ ಡಿಜೆಗಳ ಕೈಸೇರಬೇಕು, ಅದಕ್ಕೆ ಹಲವು ವರ್ಷ ಹಿಡಿಯುತ್ತದೆ. ಇಂದು ಜಗತ್ತು ಸುತ್ತುವ ರಷ್ಯಾದ ನೀನಾ ಕ್ರಾವಿಟ್ಸ್ ಓದಿದ್ದು ದಂತವೈದ್ಯ ವಿದ್ಯೆಯನ್ನು, ಆ ಕೆಲಸವನ್ನೂ ಮಾಡಿದವರೇ.

ಉತ್ತರ: ಕಿವಿ ಪರೀಕ್ಷಕಿ, ದಾವಣಗೆರೆ

ಇಬ್ಬರಿಗೂ ಮೊದಲು ಕೈಕೊಡುವುದು ಕಿವಿ ಎಂಬುದನ್ನು ಯಾರೂ ಹೇಳಲಿಲ್ಲ. 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದೆಂದು ಲೆಕ್ಕವಿದೆ, ಆಮೇಲೆ ಪ್ರತಿ ಮೂರು ಡೆಸಿಬಲ್‌ಗೆ ಅವಧಿ ಅರ್ಧವಾಗುತ್ತ ಹೋಗಿ, 100 ಡೆಸಿಬಲ್ ಇರುವಲ್ಲಿ ಹದಿನೈದೇ ನಿಮಿಷ ಉಳಿಯುತ್ತದೆ. ಹತ್ತಿ ತುರುಕಿಕೊಂಡರೆ ಸಾಲದು. ಸಂಗೀತಗಾರರಿಗೆಂದೇ ಇರುವ, ಎಲ್ಲ ಸ್ವರಗಳನ್ನೂ ಸಮನಾಗಿ ತಗ್ಗಿಸುವ ಇಯರ್‌ಪ್ಲಗ್ಗನ್ನು ಮೊದಲ ದಿನದಿಂದಲೇ ಹಾಕಿಸಿ. ರಾತ್ರಿ ಮಲಗಿದಾಗ ಕಿವಿಯಲ್ಲಿ ಗುಂಯ್ ಎನ್ನುವ ಸದ್ದು ನಿಲ್ಲದಿದ್ದರೆ ತಡಮಾಡದೆ ಪರೀಕ್ಷೆಗೆ ಕರೆತನ್ನಿ.

ಉತ್ತರ: ಆರು ತಂತಿ, ಬೆಂಗಳೂರು

ಮೇಡಂ ಹೇಳಿದ್ದು ನಿಜ, ನನ್ನ ಎಡಗಿವಿಯಲ್ಲಿ ಆ ಸದ್ದು ಇವತ್ತಿಗೂ ಇದೆ.

ಒಂದು ಹೆಸರು ಮರೆತಿದ್ದೆ. ಮುಂಬೈ ಸಿನಿಮಾ ವಾದ್ಯವೃಂದಗಳಲ್ಲಿ ಗಿಟಾರ್ ನುಡಿಸುತ್ತಿದ್ದ ಚರಣ್‌ಜಿತ್ ಸಿಂಗ್ ಎಂಬುವರು 1982ರಲ್ಲಿ ರೋಲ್ಯಾಂಡ್ ಕಂಪನಿಯ ಸಂಗೀತ ಯಂತ್ರಗಳ ಮೇಲೆ ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಕೂರಿಸಿ ಒಂದು ರೆಕಾರ್ಡ್ ತಂದರು. ಆಗ ಅದನ್ನು ಕೇಳಿದವರಿಲ್ಲ. 2010ರಲ್ಲಿ ಅದು ಮರುಮುದ್ರಣಗೊಂಡಾಗ ಯುರೋಪಿನ ಡಿಜೆಗಳು ಬೆರಗಾದರು, ಎಪ್ಪತ್ತರ ಆಸುಪಾಸಿನ ಆ ಹಿರಿಯರನ್ನು ಅಲ್ಲಿಗೆ ಕರೆಸಿ ನುಡಿಸಿದರು. ಅಲ್ಲಿಯವರೆಗೆ ಅವರ ಮನೆ ನಡೆದದ್ದು ಸಿನಿಮಾದ ಗಿಟಾರಿನಂತಹ ಕೂಲಿ ನುಡಿಸುವಿಕೆಯಿಂದ. ಈ ಸಂಗತಿಯನ್ನು ಇಬ್ಬರು ಹುಡುಗರಿಗೂ ಒಟ್ಟಿಗೆ ಕೂರಿಸಿ ಹೇಳಿ.

ಪ್ರಶ್ನೆ ಕೇಳಿದವರು: ಚೌಕಿಪೇಟೆಯ ತಂದೆ, ದಾವಣಗೆರೆ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಇಬ್ಬರನ್ನೂ ಕೂರಿಸಿ ಇದನ್ನೆಲ್ಲ ಓದಿ ಹೇಳಿದೆ. ಮಗ ಕೊನೆಯ ಸೆಮಿಸ್ಟರ್ ಮುಗಿಸುವುದಾಗಿ ಒಪ್ಪಿದ್ದಾನೆ. ಹದಿನೈದು ವರ್ಷಗಳ ಪ್ರಶ್ನೆಗೆ ಅವನ ಬಳಿ ಇನ್ನೂ ಉತ್ತರವಿಲ್ಲ, ಆದರೆ ಕಪ್ಪು ಟಿ-ಶರ್ಟಿನ ಸಗಟು ದರ ಎಷ್ಟೆಂದು ಬೆಳಿಗ್ಗೆಯಿಂದ ಎರಡು ಸಲ ಕೇಳಿದ. ಅಣ್ಣನಿಗೆ ಲಾರಿ ಬೇಕಾಗಿಲ್ಲವೆಂಬುದೇ ದೊಡ್ಡ ಸಮಾಧಾನವಾಗಿದೆ. ಇಯರ್‌ಪ್ಲಗ್ ಇಲ್ಲಿಯೇ ಸಿಗುತ್ತದೆಯೋ, ಬೆಂಗಳೂರಿನಿಂದ ತರಿಸಬೇಕೋ ಎಂಬುದನ್ನು ಕಿವಿ ಪರೀಕ್ಷಕಿಯವರು ದಯವಿಟ್ಟು ತಿಳಿಸಬೇಕು. ಎರಡು ಜೊತೆ ಬೇಕು.