ಅಪ್‌ಡೇಟ್: ಮನೆ ಸಾಲ ಮುಗೀತು, ದಂಡ ಕಟ್ಟಲಿಲ್ಲ

ಹೋದ ತಿಂಗಳು ಕೇಳಿದ್ದೆ: ವಿಜಯಪುರದ ನಮ್ಮ ಮನೆ ಮೇಲಿನ ಬ್ಯಾಂಕ್ ಸಾಲ 6,40,000 ಉಳಿದಿತ್ತು, ಒಂದೇ ಸಲ ತೀರಿಸ್ತೀನಿ ಅಂದ್ರೆ 2% ದಂಡ, ಅದರ ಮೇಲೆ 18% ಜಿಎಸ್‌ಟಿ, ಒಟ್ಟು 15,104 ರೂಪಾಯಿ ಕೇಳ್ತಿದ್ದಾರೆ, ಏನು ಮಾಡಲಿ ಅಂತ.

ಮಂಜೂರಾತಿ ಪತ್ರ ತೆಗೆದು ನೋಡಿ ಅಂದವರಿಗೆ ದೊಡ್ಡ ನಮಸ್ಕಾರ. ಟ್ರಂಕಿನ ತಳದಲ್ಲಿ, ಅಪ್ಪಾರ ಜೋಳದ ಮಾರಾಟದ ಚೀಟಿಗಳ ಕೆಳಗೆ ಸಿಕ್ಕಿತು. ಎರಡನೇ ಪುಟದಲ್ಲಿ 'ಫ್ಲೋಟಿಂಗ್ ಬಡ್ಡಿ' ಅಂತ ಸ್ಪಷ್ಟವಾಗಿತ್ತು. ಬಡ್ಡಿ ಏರಿಳಿಯುವ ಮನೆ ಸಾಲಕ್ಕೆ ವ್ಯಕ್ತಿಗಳಿಂದ ಈ ದಂಡ ತಗೋಬಾರದು ಅಂತ ರಿಸರ್ವ್ ಬ್ಯಾಂಕ್ 2012ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಅದನ್ನೇ ಬರೆದು ಅರ್ಜಿ ಕೊಟ್ಟೆ, ನನ್ನ ಪ್ರತಿ ಮೇಲೆ ಸೀಲು ಹಾಕಿಸಿಕೊಂಡೆ. ನಾಲ್ಕನೇ ದಿನ ದಂಡ ಇಲ್ಲದ ಹೊಸ ಲೆಕ್ಕ ಕೈಗೆ ಬಂತು!

ಮ್ಯಾನೇಜರ್ ಹತ್ರ ಬಾಯಿಮಾತಲ್ಲಿ ಕೇಳಿದ್ದು ಕೆಲಸಕ್ಕೆ ಬರಲಿಲ್ಲ, ಎರಡು ಸಲ ಸುಮ್ನೆ ಅಡ್ಡಾಡಿದೆ. ಬೇರೆ ಬ್ಯಾಂಕಿಗೆ ಸಾಲ ವರ್ಗ ಮಾಡೋ ಸಲಹೆಯೂ ನನಗೆ ಹೊಂದಲಿಲ್ಲ, ಅಲ್ಲಿ ಮತ್ತೆ ಪ್ರೊಸೆಸಿಂಗ್ ಖರ್ಚು.

ಗೊತ್ತೇ ಇರದ ಒಂದು ವಿಷಯ: ಸಾಲ ಪೂರ್ತಿ ತೀರಿದ 30 ದಿನದೊಳಗೆ ಮೂಲ ಕಾಗದಪತ್ರ ವಾಪಸ್ ಕೊಡಬೇಕು, ಅವರ ತಪ್ಪಿನಿಂದ ತಡವಾದ್ರೆ ದಿನಕ್ಕೆ 5,000 ರೂಪಾಯಿ ಅವರೇ ನಮಗೆ ಕೊಡಬೇಕು. ನನಗೆ ಹನ್ನೊಂದನೇ ದಿನಕ್ಕೆ ಸಿಕ್ಕವು. ಅವ್ವ ಖರೀದಿ ಪತ್ರ ಹಿಡಿದು ದೇವರ ಮುಂದೆ ಇಟ್ಟಳು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅಡಮಾನ ತೆಗೆಸೋದು ಬಾಕಿ ಇದೆ, ಸೋಮವಾರ ಹೋಗ್ತೀನಿ.